ಹೊಸ ಆಟಗಾರನ ಮುಂದಿನ ಗಡಿಯಾರ: ಚದುರಂಗದ ಕಲಿಕೆಯಲ್ಲಿ ವೇಗದ ಪ್ರಶ್ನೆ

ಚದುರಂಗವನ್ನು ಹೊಸದಾಗಿ ಕಲಿಯುತ್ತಿರುವವರು ಬೇಗ ಮುಗಿಯುವ ಆಟಗಳನ್ನು ಹೆಚ್ಚು ಸಂಖ್ಯೆಯಲ್ಲಿ ಆಡಬೇಕೇ, ನಿಧಾನದ ಆಟಗಳನ್ನು ಕೆಲವೇ ಆದರೂ ಆಡಬೇಕೇ ಎಂಬ ಪ್ರಶ್ನೆ ತರಬೇತುದಾರರ ನಡುವೆ ಹಳೆಯದು. ಆದರೆ ಮಣೆಯ ಜಾಗಕ್ಕೆ ಮೊಬೈಲ್ ಬಂದ ಮೇಲೆ ಅದು ಬೆಂಗಳೂರಿನ ಚೆಸ್ ಅಕಾಡೆಮಿಗಳನ್ನು ದಾಟಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಂಥ ತಾಲ್ಲೂಕು ಕೇಂದ್ರಗಳ ಮನೆಗಳಿಗೂ ತಲುಪಿದೆ. ಇದಕ್ಕೆ ಸಾಮಾನ್ಯವಾಗಿ ಎರಡು ಸಿದ್ಧ ಉತ್ತರಗಳು ಸಿಗುತ್ತವೆ. ಆಡಿದಷ್ಟೂ ಕೈ ಪಳಗುತ್ತದೆ ಎನ್ನುವುದು ಒಂದು. ಬೇಗ ಆಡಿದರೆ ಯೋಚಿಸುವ ಅಭ್ಯಾಸವೇ ಕೆಡುತ್ತದೆ ಎನ್ನುವುದು ಇನ್ನೊಂದು. ಎರಡಕ್ಕೂ ಆಧಾರಗಳಿವೆಯಾದರೂ ಎರಡೂ ಹೊಸಬರನ್ನು ಕಂಡು ಹೇಳಿದ ಮಾತುಗಳಲ್ಲ. ದೊಡ್ಡ ಆಟಗಾರರ ಅನುಭವದಿಂದ ಹುಟ್ಟಿದ ಮಾತನ್ನು ಕಾಯಿಗಳ ನಡೆಯನ್ನು ನಿನ್ನೆ ಮೊನ್ನೆ ಕಲಿತವರಿಗೆ ಹಾಗೆಯೇ ಅನ್ವಯಿಸುವುದರಿಂದ ಆಗುವ ಗೊಂದಲವೇ ಈ ಚರ್ಚೆಯ ಬಹುಭಾಗ.

ವೇಗ, ನಿಧಾನ ಎಂಬ ಮಾತುಗಳಿಗೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ ನಿರ್ದಿಷ್ಟ ಗಡಿಗಳನ್ನು ಹಾಕಿದೆ. ಪ್ರತಿ ಆಟಗಾರನಿಗೆ 10 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಸಮಯವಿರುವ ಆಟ ಬ್ಲಿಟ್ಜ್; 10 ನಿಮಿಷಕ್ಕಿಂತ ಹೆಚ್ಚು, 60 ನಿಮಿಷಕ್ಕಿಂತ ಕಡಿಮೆ ಇರುವುದು ರ‍್ಯಾಪಿಡ್; 60 ನಿಮಿಷ ಮತ್ತು ಅದಕ್ಕೆ ಮೇಲ್ಪಟ್ಟದ್ದು ಕ್ಲಾಸಿಕಲ್. ಪ್ರತಿ ನಡೆಯ ನಂತರ ಗಡಿಯಾರಕ್ಕೆ ಕೆಲವು ಸೆಕೆಂಡುಗಳು ಸೇರುವ ವ್ಯವಸ್ಥೆಗೆ ಇನ್‌ಕ್ರಿಮೆಂಟ್ ಎನ್ನುತ್ತಾರೆ. ಅದನ್ನು 60 ನಡೆಗಳಿಗೆ ಲೆಕ್ಕ ಹಾಕಿ ಒಟ್ಟು ಸಮಯಕ್ಕೆ ಕೂಡಿಸಿ ಆಟ ಯಾವ ವರ್ಗಕ್ಕೆ ಸೇರುತ್ತದೆಂದು ನಿರ್ಧರಿಸಲಾಗುತ್ತದೆ. ಅಂತರ್ಜಾಲದ ಚೆಸ್ ಡಾಟ್ ಕಾಮ್ ಮತ್ತು ಲಿಚೆಸ್ ತಾಣಗಳಲ್ಲಿ ಈ ಗಡಿ ಸ್ವಲ್ಪ ಸರಿದಿದ್ದು, ಇನ್‌ಕ್ರಿಮೆಂಟ್ ಇಲ್ಲದ 10 ನಿಮಿಷದ ಆಟ ಅಲ್ಲಿ ರ‍್ಯಾಪಿಡ್ ಎನಿಸಿಕೊಳ್ಳುತ್ತದೆ. ಹೀಗಾಗಿ ತಮ್ಮ ಮಗು ಬ್ಲಿಟ್ಜ್ ಬಿಟ್ಟು ರ‍್ಯಾಪಿಡ್ ಆಡುತ್ತಿದೆ ಎಂದು ಸಮಾಧಾನಪಡುವ ತಂದೆತಾಯಿಗಳ ಪಾಲಿಗೆ ಬದಲಾಗಿರುವುದು ಹೆಸರು ಮಾತ್ರ, ಫಿಡೆಯ ಅಳತೆಯಲ್ಲಿ ಅದಿನ್ನೂ ಬ್ಲಿಟ್ಜೇ.

ಹೆಸರುಗಳಿಗಿಂತ ಸೆಕೆಂಡುಗಳ ಲೆಕ್ಕ ಹೆಚ್ಚು ತಿಳಿವಳಿಕೆ ಕೊಡುತ್ತದೆ. ಒಂದು ಆಟ 40 ನಡೆಗಳವರೆಗೆ ಸಾಗುತ್ತದೆ ಎಂದಿಟ್ಟುಕೊಂಡರೆ, 3 ನಿಮಿಷದ ಆಟದಲ್ಲಿ ಒಂದು ನಡೆಗೆ ಸಿಗುವುದು ನಾಲ್ಕೂವರೆ ಸೆಕೆಂಡು. 10 ನಿಮಿಷದ ಆಟದಲ್ಲಿ 15 ಸೆಕೆಂಡು. 30 ನಿಮಿಷದ ಆಟದಲ್ಲಿ 45 ಸೆಕೆಂಡು. 90 ನಿಮಿಷಕ್ಕೆ ನಡೆಗೆ 30 ಸೆಕೆಂಡಿನಂತೆ ಸೇರುವ ದೊಡ್ಡ ಪಂದ್ಯಾವಳಿಗಳಲ್ಲಿ ಎರಡೂ ಮುಕ್ಕಾಲು ನಿಮಿಷ. ಆಟದ ನಡುಭಾಗದಲ್ಲಿ ನಿಯಮಬದ್ಧವಾಗಿ ಆಡಬಹುದಾದ ನಡೆಗಳು ಸಾಮಾನ್ಯವಾಗಿ 30ರ ಆಸುಪಾಸಿನಲ್ಲಿರುತ್ತವೆ. ಎದುರಾಳಿಯ ಈಗಿನ ನಡೆ ಯಾವ ಕಾಯಿಯ ಮೇಲೆ ಕಣ್ಣಿಟ್ಟಿದೆ, ತಾನು ನಡೆಸಲು ಹೊರಟಿರುವ ಕಾಯಿಗೆ ಬೆಂಬಲವಿದೆಯೇ, ರಾಜನಿಗೆ ಚೆಕ್ ಬರುವ ದಾರಿ ತೆರೆದಿದೆಯೇ ಎಂಬ ಮೂರೇ ಪ್ರಶ್ನೆಗಳನ್ನು ಹೊಸಬನೊಬ್ಬ ಪ್ರಾಮಾಣಿಕವಾಗಿ ಕೇಳಿಕೊಂಡರೂ ನಾಲ್ಕೂವರೆ ಸೆಕೆಂಡು ಮೊದಲನೆಯದಕ್ಕೇ ಸಾಲದು.

ಗಡಿಯಾರ ಈ ಆಟದೊಳಗೆ ಬಂದದ್ದು ತೀರ ಇತ್ತೀಚೆಗೆ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚದುರಂಗವು ಅರಸನ ವಿನೋದಗಳಲ್ಲಿ ಒಂದಾಗಿ ವಿವರವಾಗಿ ಬರುತ್ತದೆ, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 19ನೆಯ ಶತಮಾನದಲ್ಲಿ ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಬಾರಿ ಕೊಂಡೊಯ್ಯುವ ಸಮಸ್ಯೆಗಳನ್ನು ಕಟ್ಟಿದರು. ಇವೆಲ್ಲ ಸಮಯದ ಮಿತಿಯಿಲ್ಲದ ಆಟದ ಫಲಗಳು. ಯುರೋಪಿನಲ್ಲಿ ಎದುರಾಳಿ ಗಂಟೆಗಟ್ಟಲೆ ಯೋಚಿಸುತ್ತ ಕೂರುವ ಕಾಟ ತಪ್ಪಿಸಲೆಂದು 1861ರ ಆಂಡರ್ಸನ್–ಕೋಲಿಶ್ ಪಂದ್ಯದಲ್ಲಿ ಮರಳುಗಡಿಯಾರಗಳನ್ನೂ 1883ರ ಲಂಡನ್ ಪಂದ್ಯಾವಳಿಯಲ್ಲಿ ಎರಡು ಮುಖದ ಯಾಂತ್ರಿಕ ಗಡಿಯಾರವನ್ನೂ ಬಳಸಲಾಯಿತು. ಗಡಿಯಾರ ಅಲ್ಲಿ ಆಟವನ್ನು ವೇಗಗೊಳಿಸಲು ಬಂದದ್ದಲ್ಲ, ಅತಿಯನ್ನು ತಡೆಯಲು ಬಂದದ್ದು. ಸಮಯದ ಕೊರತೆಯಿಂದಲೇ ಆಟಗಾರ ಸೋಲಬಾರದೆಂದು ಇನ್‌ಕ್ರಿಮೆಂಟ್ ಗಡಿಯಾರಕ್ಕೆ 1988ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದ ಬಾಬಿ ಫಿಶರ್‌ನ ಉದ್ದೇಶವೂ ಅದೇ ಜಾಡಿನದು. ಫಿಡೆ ರ‍್ಯಾಪಿಡ್ ಮತ್ತು ಬ್ಲಿಟ್ಜ್ ಆಟಗಳಿಗೆ ಪ್ರತ್ಯೇಕ ರೇಟಿಂಗ್, ಎಂದರೆ ಗೆಲುವು ಸೋಲುಗಳಿಂದ ಲೆಕ್ಕ ಹಾಕುವ ಬಲದ ಅಂಕ, ಕೊಡಲಾರಂಭಿಸಿದ್ದು 2012ರಲ್ಲಷ್ಟೆ.

ಚದುರಂಗದ ಮೇಲಿನ ಮನಶ್ಶಾಸ್ತ್ರೀಯ ಅಧ್ಯಯನಗಳಲ್ಲಿ ಈ ಪ್ರಶ್ನೆಗೆ ಬುನಾದಿ ಹಾಕಿದವು ಎರಡು. ಡಚ್ ವಿದ್ವಾಂಸ ಆಡ್ರಿಯಾನ್ ಡಿ ಗ್ರೂಟ್ 1946ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಗ್ರಾಂಡ್‌ಮಾಸ್ಟರ್‌ಗಳು ತಮಗಿಂತ ಕೆಳಗಿನ ಒಳ್ಳೆಯ ಆಟಗಾರರಿಗಿಂತ ಬಹಳ ಹೆಚ್ಚು ನಡೆಗಳನ್ನು ಮುಂದಾಲೋಚಿಸುವುದಿಲ್ಲವೆಂದೂ, ಒಳ್ಳೆಯ ನಡೆ ಅವರ ಕಣ್ಣಿಗೆ ಮೊದಲೇ ಬೀಳುತ್ತದೆಂದೂ ಕಂಡುಬಂತು. ಇದರ ಕಾರಣವನ್ನು ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ವಿವರಿಸಿದರು. ನಿಜವಾದ ಆಟವೊಂದರ ಸ್ಥಿತಿಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದಾಗ ಮಾಸ್ಟರ್ ಬಹುಪಾಲು ಕಾಯಿಗಳನ್ನು ಸರಿಯಾದ ಮನೆಗಳಲ್ಲಿ ಇಡಬಲ್ಲವನಾಗಿದ್ದ. ಹೊಸಬನಿಗೆ ನೆನಪಾದದ್ದು ನಾಲ್ಕೈದು ಕಾಯಿ. ಕಾಯಿಗಳನ್ನು ಅಡ್ಡಾದಿಡ್ಡಿಯಾಗಿ ಚೆಲ್ಲಿ ತೋರಿಸಿದಾಗ ಇಬ್ಬರ ನಡುವಿನ ಅಂತರ ಹೆಚ್ಚುಕಡಿಮೆ ಅಳಿಸಿಹೋಯಿತು. ಮಾಸ್ಟರ್‌ನ ತಲೆಯಲ್ಲಿ ಇರುವುದು ಅಸಾಧಾರಣ ಜ್ಞಾಪಕಶಕ್ತಿಯಲ್ಲ, ಅರ್ಥವುಳ್ಳ ಕಾಯಿಗುಂಪುಗಳ ದೊಡ್ಡ ಸಂಗ್ರಹ ಎಂಬುದು ಅವರ ತೀರ್ಮಾನವಾಗಿತ್ತು. ವೇಗದ ಆಟ ಈ ಸಂಗ್ರಹದ ಮೇಲೆ ನಿಂತಿದೆ. ಸಂಗ್ರಹ ಇದ್ದವನಿಗೆ ಮೂರು ನಿಮಿಷವೂ ಸಾಕು, ಇಲ್ಲದವನು ಆ ಮೂರು ನಿಮಿಷಗಳಲ್ಲಿ ತನ್ನಲ್ಲಿ ಇಲ್ಲದ್ದನ್ನೇ ತಡಕುತ್ತಿರುತ್ತಾನೆ.

ಮುಂದಿನ ಅಧ್ಯಯನಗಳು ಇದನ್ನು ಹಲವು ಕಡೆಯಿಂದ ಪರೀಕ್ಷಿಸಿವೆ, ಅವುಗಳ ಫಲಿತಾಂಶಗಳು ಮೇಲ್ನೋಟಕ್ಕೆ ಪರಸ್ಪರ ಜಗಳವಾಡುತ್ತವೆ. ಕಾಲ್ಡರ್‌ವುಡ್, ಕ್ಲೈನ್ ಮತ್ತು ಕ್ರಾಂಡಲ್ 1988ರಲ್ಲಿ ಒಂದೇ ಆಟಗಾರರ ನಿಧಾನದ ಮತ್ತು ಬ್ಲಿಟ್ಜ್ ಆಟಗಳನ್ನು ಹೋಲಿಸಿದಾಗ, ವೇಗ ಹೆಚ್ಚಿದರೂ ಮಾಸ್ಟರ್‌ಗಳ ದೊಡ್ಡ ತಪ್ಪುಗಳು ಹೆಚ್ಚೇನೂ ಏರಲಿಲ್ಲ, ಕೆಳದರ್ಜೆಯ ಆಟಗಾರರದು ಇಮ್ಮಡಿಯನ್ನು ದಾಟಿತು. 2004ರಲ್ಲಿ ಬ್ರೂಸ್ ಬರ್ನ್ಸ್ ಪ್ರಕಟಿಸಿದ ಅಧ್ಯಯನದಲ್ಲಿ ಆಟಗಾರರ ಒಟ್ಟು ಬಲದಲ್ಲಿನ ವ್ಯತ್ಯಾಸದ ಬಹುಭಾಗವನ್ನು ಅವರ ಬ್ಲಿಟ್ಜ್ ಬಲದಿಂದಲೇ ಊಹಿಸಬಹುದೆಂದು ತಿಳಿದುಬಂತು. ಇದಕ್ಕೆ ಒಂದು ವರ್ಷ ಮೊದಲು ಚಾಬ್ರಿ ಮತ್ತು ಹರ್ಸ್ಟ್ ಗ್ರಾಂಡ್‌ಮಾಸ್ಟರ್‌ಗಳ ಆಟಗಳನ್ನು ಕಂಪ್ಯೂಟರಿನಿಂದ ಶೋಧಿಸಿ, ಅವರೂ ರ‍್ಯಾಪಿಡ್ ಆಟಗಳಲ್ಲಿ ಹೆಚ್ಚು ಮತ್ತು ಹೆಚ್ಚು ದೊಡ್ಡ ತಪ್ಪು ಮಾಡುತ್ತಾರೆಂದು ತೋರಿಸಿದ್ದರು. 2007ರಲ್ಲಿ ವ್ಯಾನ್ ಹಾರೆವೆಲ್ಡ್ ಮತ್ತು ಸಂಗಡಿಗರು ಸಮಯ ಕಡಿಮೆಯಾದಷ್ಟೂ ಬಲಶಾಲಿ ಮತ್ತು ದುರ್ಬಲ ಆಟಗಾರರ ನಡುವಿನ ಅಂತರ ಕುಗ್ಗುತ್ತದೆ, ಆದ್ದರಿಂದ ನಿಧಾನದ ಚಿಂತನೆ ದೊಡ್ಡವರಿಗೂ ಬೇಕು ಎಂದು ವಾದಿಸಿದರು. ಮಾಕ್ಸ್‌ಲಿ, ಎರಿಕ್ಸನ್ ಮೊದಲಾದವರು 2012ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆಟಗಾರರಿಗೆ ಮೊದಲು ಹೊಳೆದ ನಡೆಯನ್ನೂ ಯೋಚಿಸಿ ಆರಿಸಿದ ನಡೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ನುರಿತವರಿಗೂ ಅಷ್ಟಾಗಿ ನುರಿಯದವರಿಗೂ, ಸಮಸ್ಯೆ ಸುಲಭವಿರಲಿ ಕಠಿಣವಿರಲಿ, ಹೆಚ್ಚಿನ ಯೋಚನೆಯಿಂದ ಲಾಭವಾಗಿತ್ತು.

ಈ ಎಲ್ಲ ಅಧ್ಯಯನಗಳು ಅಳೆದದ್ದು ಒಬ್ಬ ಆಟಗಾರ ಒಂದು ಹೊತ್ತಿನಲ್ಲಿ ಹೇಗೆ ಆಡುತ್ತಾನೆ ಎಂಬುದನ್ನೇ ಹೊರತು ಅವನು ಆರು ತಿಂಗಳಲ್ಲಿ ಎಷ್ಟು ಕಲಿಯುತ್ತಾನೆ ಎಂಬುದನ್ನಲ್ಲ ಎನ್ನುವುದನ್ನು ಮರೆಯಬಾರದು. ಬರ್ನ್ಸ್ ಕಂಡುಕೊಂಡ ನಂಟನ್ನು ‘ಬ್ಲಿಟ್ಜ್ ಆಡಿದರೆ ಬಲ ಬರುತ್ತದೆ’ ಎಂದು ಓದುವವರು ಕಾರಣವನ್ನೂ ಪರಿಣಾಮವನ್ನೂ ತಿರುವುಮುರುವು ಮಾಡುತ್ತಾರೆ, ಏಕೆಂದರೆ ಬೇರೆ ದಾರಿಯಿಂದ ಬಲ ಗಳಿಸಿದವನು ಬ್ಲಿಟ್ಜ್‌ನಲ್ಲಿಯೂ ಗೆಲ್ಲುವುದು ಸಹಜ. ಬಲ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಹತ್ತಿರದ ಉತ್ತರ ನೀಲ್ ಚಾರ್ನೆಸ್ ಮತ್ತು ಸಹೋದ್ಯೋಗಿಗಳ 2005ರ ಸಮೀಕ್ಷೆಯಲ್ಲಿದೆ. ಅದರ ಪ್ರಕಾರ ಆಟಗಾರನ ರೇಟಿಂಗ್ ಜೊತೆ ಅತ್ಯಂತ ಗಟ್ಟಿಯಾದ ನಂಟಿದ್ದದ್ದು ಒಬ್ಬಂಟಿಯಾಗಿ ಕುಳಿತು ಮಾಡಿದ ಗಂಭೀರ ಅಭ್ಯಾಸಕ್ಕೆ. ಪಂದ್ಯಾವಳಿಗಳಲ್ಲಿ ಆಡಿದ ಗಂಟೆಗಳ ಪಾಲು ಅದಕ್ಕಿಂತ ಕಡಿಮೆ. ಗೋಬೆ ಮತ್ತು ಕಾಂಪಿಟೆಲ್ಲಿ 2007ರಲ್ಲಿ ಅರ್ಜೆಂಟೀನಾದ ಆಟಗಾರರನ್ನು ವಿಚಾರಿಸಿದಾಗ ಮಾಸ್ಟರ್ ಮಟ್ಟ ತಲುಪಲು ಒಬ್ಬನಿಗೆ ಸುಮಾರು 3,000 ಗಂಟೆ ಸಾಕಾಗಿದ್ದರೆ ಇನ್ನೊಬ್ಬನಿಗೆ 23,000ಕ್ಕೂ ಹೆಚ್ಚು ಬೇಕಾಗಿತ್ತು. ಎಲ್ಲರಿಗೂ ಒಂದೇ ಔಷಧಿ ಬರೆದುಕೊಡುವವರು ಈ ಅಂತರವನ್ನು ನೆನಪಿಡುವುದು ಒಳ್ಳೆಯದು.

ವೇಗದ ಆಟದಿಂದ ಹೊಸಬರಿಗೆ ಆಗುವ ಹಾನಿಯನ್ನು ಸಾಮಾನ್ಯವಾಗಿ ‘ಆತುರದ ಅಭ್ಯಾಸ’ ಎಂದು ಕರೆದು ಬಿಟ್ಟುಬಿಡುತ್ತಾರೆ. ನಿಜವಾದ ಹಾನಿ ಬೇರೆಯದು. ಕಲಿಕೆಗೆ ತಪ್ಪಿನ ಫಲ ತಪ್ಪು ಮಾಡಿದವನಿಗೆ ತಲುಪಬೇಕು. ವೇಗದ ಆಟದಲ್ಲಿ ಈ ಕೊಂಡಿ ಕಡಿಯುತ್ತದೆ. ಮಂತ್ರಿಯನ್ನೂ ಒಂಟೆಯನ್ನೂ ಹೊರತಂದು ಎದುರಾಳಿಯ ರಾಜನ ಪಕ್ಕದ ಕಾಲಾಳಿನ ಮೇಲೆ ಬೀಳುವ ನಾಲ್ಕು ನಡೆಯ ಮೇಟ್ ಇದಕ್ಕೆ ಒಳ್ಳೆಯ ಉದಾಹರಣೆ. ಸಮಯವಿರುವ ಎದುರಾಳಿ ಅದನ್ನು ಸುಲಭವಾಗಿ ತಡೆದು, ಹೊರಬಂದ ಮಂತ್ರಿಯನ್ನು ಅಟ್ಟಾಡಿಸುತ್ತಲೇ ತನ್ನ ಕಾಯಿಗಳನ್ನು ಹೊರತರುತ್ತಾನೆ, ಆಗ ಆ ಹಂಚಿಕೆ ಕೆಟ್ಟದ್ದೆಂದು ಆಡಿದವನಿಗೆ ತಿಳಿಯುತ್ತದೆ. ಮೂರು ನಿಮಿಷದ ಆಟದಲ್ಲಿ ಎದುರಾಳಿಯೂ ಹೊಸಬನೇ, ಅವನಿಗೂ ನೋಡಲು ಪುರಸೊತ್ತಿಲ್ಲ. ಕೆಟ್ಟ ನಡೆಗೆ ಬಹುಮಾನ ಸಿಗುತ್ತದೆ, ಮತ್ತೆ ಮತ್ತೆ ಸಿಗುತ್ತದೆ. ಬೆಂಬಲವಿಲ್ಲದೆ ಬಿಟ್ಟ ಕುದುರೆಯನ್ನು ಯಾರೂ ಹೊಡೆಯದಿದ್ದರೆ ಅದನ್ನು ಹಾಗೆ ಬಿಡುವುದು ತಪ್ಪೆಂಬ ಅರಿವೇ ಮೂಡುವುದಿಲ್ಲ. ಆಟದ ಕೊನೆಯ ಹಂತದ ಕಥೆ ಇನ್ನೂ ಕಷ್ಟದ್ದು. ರಾಜ ಮತ್ತು ಒಂದೇ ಕಾಲಾಳು ಉಳಿದಿರುವಾಗ ಎದುರು ರಾಜನಿಗೆ ನೇರವಾಗಿ, ನಡುವೆ ಒಂದೇ ಮನೆ ಬಿಟ್ಟು ನಿಲ್ಲುವುದರ ಬೆಲೆಯನ್ನು ಎಣಿಸಿ ಎಣಿಸಿಯೇ ಕಲಿಯಬೇಕು. ಬ್ಲಿಟ್ಜ್‌ನಲ್ಲಿ ಆ ಹೊತ್ತಿಗೆ ಎರಡೂ ಗಡಿಯಾರಗಳು ಬರಿದಾಗಿ, ಗೆಲ್ಲುವವನು ಕೈ ಚುರುಕಿದ್ದವನು.

ಇದಕ್ಕೆ ಹೊಂದಿಕೊಂಡ ಇನ್ನೊಂದು ಸಂಗತಿ ಬರವಣಿಗೆಯದು. ಕ್ಲಾಸಿಕಲ್ ಆಟದಲ್ಲಿ ಇಬ್ಬರೂ ತಮ್ಮ ನಡೆಗಳನ್ನು ಸ್ಕೋರ್ ಶೀಟಿನಲ್ಲಿ ಬರೆದುಕೊಳ್ಳಲೇಬೇಕೆಂಬ ನಿಯಮವಿದೆ. ರ‍್ಯಾಪಿಡ್ ಮತ್ತು ಬ್ಲಿಟ್ಜ್ ಆಟಗಳಲ್ಲಿ ಆ ಕಡ್ಡಾಯವಿಲ್ಲ. ಬರೆಯುವುದು ಎರಡು ಕೆಲಸ ಮಾಡುತ್ತದೆ: ಕಾಯಿಯಿಂದ ಕೈಯನ್ನು ಕ್ಷಣಕಾಲ ದೂರವಿಡುತ್ತದೆ, ಆಟ ಮುಗಿದ ಮೇಲೆ ಎಲ್ಲಿ ಕೆಟ್ಟಿತೆಂದು ಹುಡುಕಲು ದಾಖಲೆ ಉಳಿಸುತ್ತದೆ. ಫೋನಿನಲ್ಲಿ ಆಡಿದ ಮೂರು ನಿಮಿಷದ ಆಟವೂ ತಾನಾಗಿಯೇ ದಾಖಲಾಗುತ್ತದೆ, ಎಂಜಿನ್ ಎಂಬ ಲೆಕ್ಕಾಚಾರದ ತಂತ್ರಾಂಶ ತಪ್ಪುಗಳಿಗೆ ಕೆಂಪು ಗುರುತು ಹಾಕಿಯೂ ಕೊಡುತ್ತದೆ ಎಂದು ಇದಕ್ಕೆ ಆಕ್ಷೇಪವೆತ್ತಬಹುದು. ಆಕ್ಷೇಪ ಸರಿಯೇ, ಆದರೆ ಮುಂದಿನ ಆಟದ ಗುಂಡಿ ಅದರ ಪಕ್ಕದಲ್ಲೇ ಇರುತ್ತದೆ.

ವೇಗದ ಪರ ವಾದಿಸುವವರು ಮೊದಲು ಹೆಸರಿಸುವುದು ವಿಶ್ವನಾಥನ್ ಆನಂದ್ ಅವರನ್ನು. ಮದ್ರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿದ್ದ ತಾಲ್ ಚೆಸ್ ಕ್ಲಬ್ಬಿನಲ್ಲಿ ಬಾಲಕ ಆನಂದ್ ಆಡಿದ್ದು ಹೆಚ್ಚಾಗಿ ಬ್ಲಿಟ್ಜ್. ಗೆದ್ದವನು ಮಣೆಯ ಮುಂದೆ ಉಳಿಯುತ್ತಾನೆ, ಸೋತವನು ಎದ್ದು ಮುಂದಿನವನಿಗೆ ಜಾಗ ಬಿಡುತ್ತಾನೆ ಎಂಬುದು ಅಲ್ಲಿನ ಪದ್ಧತಿಯಾಗಿತ್ತು. 1987ರಲ್ಲಿ ವಿಶ್ವ ಜೂನಿಯರ್ ಪ್ರಶಸ್ತಿ ಗೆದ್ದು, 1988ರಲ್ಲಿ ಭಾರತದ ಮೊದಲ ಗ್ರಾಂಡ್‌ಮಾಸ್ಟರ್ ಆದ ಆನಂದ್ ಅವರ ಮಿಂಚಿನ ವೇಗ ಜಗತ್ತಿಗೆ ಗೊತ್ತು. ಆದರೆ ಈ ಕಥೆಯ ಇನ್ನೊಂದು ಭಾಗವನ್ನು ಹೇಳುವವರು ಕಡಿಮೆ. ಕುಟುಂಬ ಮನಿಲಾದಲ್ಲಿದ್ದಾಗ ಅಲ್ಲಿನ ದೂರದರ್ಶನದಲ್ಲಿ ಬರುತ್ತಿದ್ದ ಚದುರಂಗದ ಸಮಸ್ಯೆಗಳನ್ನು ತಾಯಿ ಸುಶೀಲಾ ಬರೆದಿಟ್ಟುಕೊಂಡು, ಹುಡುಗ ಶಾಲೆಯಿಂದ ಬಂದ ಮೇಲೆ ಇಬ್ಬರೂ ಸೇರಿ ಬಿಡಿಸುತ್ತಿದ್ದರು. ಬಹುಮಾನವಾಗಿ ಬಂದವು ಚದುರಂಗದ ಪುಸ್ತಕಗಳು. ಬ್ಲಿಟ್ಜ್ ಮೇಜಿನಿಂದ ಎದ್ದು ಹೋಗದಷ್ಟು ಬಲ ಅವರಿಗೆ ಇಂಥ ಕಡೆಯಿಂದಲೂ ಬಂದಿರಬೇಕು ಎಂದು ಊಹಿಸುವುದು ತಪ್ಪಾಗದು.

ಆನಂದ್ ಅವರ ಊರಿನವರೇ ಆದ ಡಿ. ಗುಕೇಶ್ ಅವರ ದಾರಿ ಇದಕ್ಕೆ ಹೆಚ್ಚುಕಡಿಮೆ ವಿರುದ್ಧ. 2019ರ ಜನವರಿಯಲ್ಲಿ 12ನೆಯ ವಯಸ್ಸಿಗೆ ಗ್ರಾಂಡ್‌ಮಾಸ್ಟರ್ ಆಗಿ, 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಸೋಲಿಸಿ 18ನೆಯ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಅವರಿಗೆ ತರಬೇತುದಾರ ವಿಷ್ಣು ಪ್ರಸನ್ನ ಬಹುಕಾಲ ಎಂಜಿನ್ ಮುಟ್ಟಲು ಬಿಟ್ಟಿರಲಿಲ್ಲ. ಸ್ಥಿತಿಯನ್ನು ತಾನೇ ಲೆಕ್ಕ ಹಾಕಿ ಬಿಡಿಸುವುದು ಅವರ ಅಭ್ಯಾಸದ ತಿರುಳು. ವೇಗದ ಆಟಗಳಲ್ಲಿ ಅವರ ರೇಟಿಂಗ್ ಕ್ಲಾಸಿಕಲ್‌ನಷ್ಟು ಎತ್ತರಕ್ಕೆ ಏರದೆ ಉಳಿದದ್ದು ಅವರ ವಿಶ್ವ ಪಟ್ಟಕ್ಕೆ ಅಡ್ಡಿಯಾಗಲಿಲ್ಲ. ಒಂದೇ ನಗರದ ಇಬ್ಬರು ವಿಶ್ವ ಚಾಂಪಿಯನ್ನರು ಹೀಗೆ ಎರಡು ದಿಕ್ಕಿನಿಂದ ಬಂದಿರುವಾಗ, ಒಬ್ಬರ ಬಾಲ್ಯವನ್ನು ಹಿಡಿದು ನಿಯಮ ಮಾಡುವುದು ಸಲ್ಲದು. ಇಬ್ಬರಲ್ಲಿಯೂ ಸಮಾನವಾಗಿ ಕಾಣುವುದು ಗಡಿಯಾರದ ಹೊರಗೆ, ಸಮಸ್ಯೆಯ ಮುಂದೆ ಕಳೆದ ಹೊತ್ತು.

ಕರ್ನಾಟಕದ ಮೊದಲ ಗ್ರಾಂಡ್‌ಮಾಸ್ಟರ್, ರೈಲ್ವೆ ಉದ್ಯೋಗಿಯಾದ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಆ ಪದವಿ ಪಡೆದದ್ದು 2017ರಲ್ಲಿ. ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ ಗ್ರಾಂಡ್‌ಮಾಸ್ಟರ್ ಆಗಿ ಅದೇ ವರ್ಷ 16 ವರ್ಷದೊಳಗಿನವರ ವಿಶ್ವ ಪ್ರಶಸ್ತಿಯನ್ನೂ ಗೆದ್ದರು. ಈ ಪದವಿಗೆ ಬೇಕಾದ 2500 ಅಂಕಗಳ ರೇಟಿಂಗ್ ಕ್ಲಾಸಿಕಲ್ ಆಟದ್ದೇ ಆಗಿರಬೇಕು. ಮೇಲೇರುವ ಏಣಿಯ ಮೆಟ್ಟಿಲುಗಳೆಲ್ಲ ನಿಧಾನದ ಆಟದ್ದಾಗಿರುವಾಗ ಕೆಳಗಿನಿಂದ ಹತ್ತುವ ಮಗುವಿಗೆ ಸಿಗುವ ಆಟವೆಲ್ಲ ವೇಗದ್ದಾಗಿರುವುದು ಒಂದು ವಿಪರ್ಯಾಸ.

ಈ ವಿಪರ್ಯಾಸ 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸ್ಪಷ್ಟವಾಗಿ ಕಾಣಸಿಗುವಂಥದು. ದಿನಕ್ಕೆ ಎರಡು ಸುತ್ತಿನಂತೆ ನಾಲ್ಕೈದು ದಿನ ನಡೆಯುವ ಕ್ಲಾಸಿಕಲ್ ಪಂದ್ಯಾವಳಿಗಳು ಹೆಚ್ಚಾಗಿ ಬೆಂಗಳೂರು, ಮೈಸೂರು, ಮಂಗಳೂರಿನಂಥ ನಗರಗಳಲ್ಲಿರುತ್ತವೆ. ಚಿಂತಾಮಣಿಯಿಂದಲೋ ಗೌರಿಬಿದನೂರಿನಿಂದಲೋ ಬೆಂಗಳೂರಿಗೆ ದಿನವೂ ಹೋಗಿಬರುವುದೆಂದರೆ ಮಗುವಿನ ಜೊತೆ ದೊಡ್ಡವರೊಬ್ಬರ ನಾಲ್ಕೈದು ದಿನದ ದುಡಿಮೆ ಹೋಗುತ್ತದೆ. ಶಿಡ್ಲಘಟ್ಟದ ಸುತ್ತಿನ ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನಗಳಲ್ಲಿ ಮನೆಮಂದಿಗೆಲ್ಲ ಕೈತುಂಬ ಕೆಲಸ, ಮೂರು ಗಂಟೆ ಮಣೆಯ ಮುಂದೆ ಕೂರುವ ಮಾತೇ ಇಲ್ಲ. ಅಂಥ ಮಗುವಿಗೆ ಎಟುಕುವುದು ಮನೆಯವರ ಫೋನು, ಅದೂ ಸ್ವಲ್ಪ ಹೊತ್ತು. ಆ ಸ್ವಲ್ಪ ಹೊತ್ತಿಗೆ ಹೊಂದುವುದು ಮೂರು ನಿಮಿಷದ ಆಟ. ಆದ್ದರಿಂದ ಇಲ್ಲಿನ ಮಕ್ಕಳು ವೇಗದ ಆಟವನ್ನು ಆರಿಸಿಕೊಂಡಿದ್ದಾರೆ ಎನ್ನುವುದಕ್ಕಿಂತ ಬೇರೆ ಆಟ ಅವರ ಕೈಗೆ ಸಿಕ್ಕಿಲ್ಲ ಎನ್ನುವುದು ಹೆಚ್ಚು ನ್ಯಾಯ.

ನಿಧಾನದ ಆಟವೆಂದರೆ ತಾನಾಗಿಯೇ ಕಲಿಕೆ ಎಂದು ನಂಬುವುದೂ ಅಷ್ಟೇ ದೊಡ್ಡ ತಪ್ಪು. ಗಡಿಯಾರದಲ್ಲಿ ಒಂದು ಗಂಟೆ ಇಟ್ಟರೂ ಹತ್ತು ನಿಮಿಷದಲ್ಲಿ ಆಟ ಮುಗಿಸಿ ಎದ್ದು ಓಡುವ ಮಕ್ಕಳನ್ನು ಯಾವ ಪಂದ್ಯಾವಳಿಯ ಸಭಾಂಗಣದಲ್ಲಿಯೂ ನೋಡಬಹುದು. ಏನನ್ನು ಹುಡುಕಬೇಕೆಂದು ತಿಳಿಯದವನಿಗೆ ಸಿಕ್ಕ ಸಮಯ ಖಾಲಿಯಾಗಿಯೇ ಉಳಿಯುತ್ತದೆ. ಕಲಿಕೆಯ ಮೊದಲ ತಿಂಗಳುಗಳಲ್ಲಿ 90 ನಿಮಿಷದ ಆಟ ಆಡಿಸುವುದು ಹಾಗಾಗಿ ಶಿಕ್ಷೆಯಂತಾಗಬಹುದು. 20ರಿಂದ 30 ನಿಮಿಷದ ಆಟ, ಅದರ ನಂತರ ಸೋತವನೂ ಗೆದ್ದವನೂ ಕೂಡಿ ಎಂಜಿನ್ ಇಲ್ಲದೆ ಹತ್ತು ನಿಮಿಷ ಮಾತಾಡುವುದು, ಈ ಹಂತಕ್ಕೆ ಸಾಕು. ವೇಗಕ್ಕೂ ಇಲ್ಲಿ ಜಾಗವಿದೆ, ಆದರೆ ಆಟದಲ್ಲಲ್ಲ, ಒಂದು ನಡೆಯ, ಎರಡು ನಡೆಯ ಮೇಟ್‌ಗಳನ್ನು ಗುರುತಿಸುವ ಅಭ್ಯಾಸದಲ್ಲಿ. ಲಾಸ್ಲೊ ಪೋಲ್ಗಾರ್ ಸಂಪಾದಿಸಿದ 5334 ಸಮಸ್ಯೆಗಳ ಪ್ರಸಿದ್ಧ ಸಂಕಲನ ಒಂದು ನಡೆಯ ಮೇಟ್‌ಗಳಿಂದ ಆರಂಭವಾಗುವುದು ಸುಮ್ಮನೆ ಅಲ್ಲ; ಚೇಸ್ ಮತ್ತು ಸೈಮನ್ ಹೇಳಿದ ಸಂಗ್ರಹ ಬೆಳೆಯುವುದು ಇಂಥ ಕಡೆ. ಬೆಂಬಲವಿಲ್ಲದ ಕಾಯಿ ಬಿಡುವುದು ಅಪರೂಪವಾದ ಮೇಲೆ, ಆರಂಭದ ನಡೆಗಳನ್ನು ಬಾಯಿಪಾಠದಿಂದ ಕೈಗೆ ಇಳಿಸಲು, ಸೋಲಿನ ಭಯ ಕಳೆಯಲು, ಕೊನೆಗೆ ಬರಿಯ ಖುಷಿಗೆ, ಬ್ಲಿಟ್ಜ್ ಆಡಬಹುದು. ಅದಕ್ಕೆ ಮೊದಲು ವಾರಕ್ಕೆ ಕೆಲವು ಆಟಗಳ ಮಿತಿ ಇರುವುದೇ ಲೇಸು.

ಇದಕ್ಕೆ ದೊಡ್ಡ ಏರ್ಪಾಡು ಬೇಕಿಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾದ ಮೇಲೆ ಅವುಗಳಲ್ಲಿ ಹಲವೆಡೆ ಚದುರಂಗದ ಮಣೆಗಳೂ ಬಂದಿವೆ; ಅಲ್ಲಿನ ಮೇಜಿನ ಮೇಲೆ ಒಂದು ಹಾಳೆ, ಒಂದು ಪೆನ್ಸಿಲ್ ಇಟ್ಟರೆ ನಡೆ ಬರೆಯುವ ಅಭ್ಯಾಸಕ್ಕೆ ಅಷ್ಟು ಸಾಕು. ತಾಲ್ಲೂಕು ಕೇಂದ್ರಗಳಲ್ಲಿ ಭಾನುವಾರದ ಒಂದು ದಿನದ ಪಂದ್ಯಾವಳಿ ನಡೆಸುವವರು ಒಂದು ಲೆಕ್ಕವನ್ನು ಗಮನಿಸಬೇಕು. ಪ್ರತಿ ಆಟಗಾರನಿಗೆ 30 ನಿಮಿಷವೆಂದರೆ ಒಂದು ಸುತ್ತಿಗೆ ಒಂದು ಗಂಟೆ. ಬೆಳಿಗ್ಗೆ ಒಂಬತ್ತೂವರೆಗೆ ಆರಂಭಿಸಿದರೆ ಊಟದ ಬಿಡುವನ್ನೂ ಸೇರಿಸಿ ಸಂಜೆಯ ಬಸ್ಸಿಗೆ ಮೊದಲೇ ಐದು ಸುತ್ತು ಮುಗಿಯುತ್ತದೆ. ಸಮಾನ ಅಂಕದವರನ್ನು ಪರಸ್ಪರ ಆಡಿಸುವ ಸ್ವಿಸ್ ಪದ್ಧತಿಯಲ್ಲಿ 32 ಆಟಗಾರರಿದ್ದರೂ ಐದು ಸುತ್ತುಗಳ ಕೊನೆಗೆ ಎಲ್ಲ ಆಟ ಗೆದ್ದವನು ಒಬ್ಬನಿಗಿಂತ ಹೆಚ್ಚು ಉಳಿಯಲಾರ. ಹೆಚ್ಚು ಸುತ್ತು, ಹೆಚ್ಚು ಬಹುಮಾನ ಎಂಬ ಹಂಬಲದಲ್ಲಿ ಹತ್ತು ನಿಮಿಷದ ಆಟಗಳನ್ನೇ ಇಡುವ ಸಂಘಟಕರು, ರೇಟಿಂಗ್ ಇಲ್ಲದ ಮಕ್ಕಳಿಗಾದರೂ ಇಂಥ ಪ್ರತ್ಯೇಕ ವಿಭಾಗವೊಂದನ್ನು ತೆರೆದು, ಅದರಲ್ಲಿ ನಡೆ ಬರೆಯುವುದನ್ನು ಕಡ್ಡಾಯ ಮಾಡಲಿ.